ಒಪ್ಪಿಗೆ ಒತ್ತಿದ ಮೇಲಿನ ಎರಡು ಸೆಕೆಂಡು

ಮಾರ್ಚ್ ೧೧, ಮಂಗಳವಾರ

ನಮ್ಮ ಕಂಪನಿಯ ಆನ್‌ಲೈನ್ ಆಟದಲ್ಲಿ ಇಬ್ಬರು ವಸ್ತು ಬದಲಾಯಿಸಿಕೊಳ್ಳುವಾಗ, ಇಬ್ಬರೂ 'ಒಪ್ಪಿಗೆ' ಒತ್ತಿದ ಮೇಲೂ ಎರಡು ಸೆಕೆಂಡು ಸಿಗುತ್ತದೆ. ಅಷ್ಟರಲ್ಲಿ ಒಳ್ಳೆಯದನ್ನು ಎತ್ತಿ, ನೋಡಲು ಅದರಂತೆಯೇ ಇರುವ ಕಳಪೆಯದನ್ನು ಇಟ್ಟುಬಿಡಬಹುದು. ಈ ತೂತು ಕಂಡುಹಿಡಿದವಳು ನಾನು, ಮುಚ್ಚಬೇಕಾದವಳೂ ನಾನೇ. ಆಫೀಸಿನ ಹೊರಗೆ ಹೇಳಿದ್ದು ತಂಗಿಗೊಬ್ಬಳಿಗೆ, ಅದೂ ಪಾತ್ರೆ ತೊಳೆಯುತ್ತಾ ಬಾಯಿಗೆ ಬಂದದ್ದು.

ಇವತ್ತು ದೂರುಗಳನ್ನು ತೆರೆದೆ. ಮೋಸಹೋದವರು ಹತ್ತೊಂಬತ್ತು ಜನ. ಒಬ್ಬ ಲಾರಿ ಡ್ರೈವರ್ ಹೀಗೆ ಕಳೆದುಕೊಂಡ ಗುರಾಣಿಗಾಗಿ ಎಂಟು ತಿಂಗಳು ಆಡಿದ್ದನಂತೆ. ಎಲ್ಲದರಲ್ಲೂ ಎದುರಿಗಿದ್ದ ಹೆಸರು ಒಂದೇ: ಗೊಣ್ಣೆಗುಬ್ಬಿ. ಚಿಕ್ಕಂದಿನಲ್ಲಿ ತಂಗಿಗೆ ಆ ಹೆಸರಿಟ್ಟವಳು ನಾನು.

ಫೋನ್ ಮಾಡಿದೆ. ಅಳುತ್ತಾಳೆ ಅಂದುಕೊಂಡಿದ್ದೆ, ದಡ್ಡಿ ನಾನು.

"ಅಯ್ಯೋ ಅಕ್ಕಾ, ಬರೀ ಆಟ ಕಣೇ. ಅದಕ್ಯಾಕೆ ಇಷ್ಟು ಹಾರಾಡ್ತೀಯಾ?"

ಬರೀ ಆಟವಂತೆ! ನನ್ನ ನಾಲ್ಕು ವರ್ಷದ ಕೆಲಸ ಅದು.

ಆಮೇಲೆ ಮೆಲ್ಲಗೆ ಕೇಳಿದಳು, "ಅದನ್ನ ಯಾವಾಗ ಮುಚ್ತೀಯಾ?"

ಅವಳು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೇ ಅಭ್ಯಾಸ. "ನಾಳೆ ಬೆಳಿಗ್ಗೆ" ಅಂದುಬಿಟ್ಟೆ.

ಈಗ ಆಟ ತೆರೆದು ನೋಡಿದೆ. ಗೊಣ್ಣೆಗುಬ್ಬಿಯ ಪಕ್ಕ ಹಸಿರು ದೀಪ ಉರಿಯುತ್ತಿದೆ. ಆಟದ ಸಂತೆಯಲ್ಲೇ ಇದ್ದಾಳೆ, ಇನ್ನೂ ಒಬ್ಬರ ಜೊತೆ ವಸ್ತು ಬದಲಾಯಿಸುತ್ತಾ.