ನೀ ಮೊದಲ ಬಾಯಿ ತೆಗಿ

ಮುದ್ದೇಬಿಹಾಳ
ತಾ. ೧೪-೧೨-೧೯೬೧

ದೇವಣಗಾಂವದ ಓಣ್ಯಾಗ ನನ್ನ ಜೋಡಿ ಹುಣಸಿಕಾಯಿ ಕದ್ದು ಬಡಿಸ್ಕೊಂಡ ಶಮ್ಶುನ್ನೀಸಾಗ ಕಸ್ತೂರೆವ್ವನ ಶರಣು, ಸಲಾಮು ಎರಡೂ. ಬೇಕಾದ್ದು ನೀ ಇಟಗೊಂಡು ಉಳದದ್ದನ್ನ ನಿನ್ನ ಮುದುಕಗ ಕೊಡು. ಕಾಗದ ಓದಿ ಹೇಳೂ ಸ್ವಸಿ ಅಬಿದಾಗ ನನ್ನ ಆಶೀರ್ವಾದ. ಅಬಿದಾ, ಸಾವಕಾಶ ಓದವ್ವ. ನಿಮ್ಮತ್ತಿ ಕಿವಿ ಚುರುಕ ಅದಾವು, ಆದ್ರ ಅಲ್ಲಿಂದ ತಲಿ ತನಕ ಹೋಗಾಕ ಹೊತ್ತ ಹಿಡಿತೈತಿ.

ನಿನ್ನ ಮೊಮ್ಮಗಳು ಸಗೀರಾನ ನಿಕಾ ಮುಗಿಸಿ ನಿಮ್ಮ ನಿಡಗುಂದಿ ಬಿಡಾಗ, ಮುಟ್ಟಿದ ಕೂಡಲೆ ಕಾಗದ ಹಾಕ್ತೇನಿ ಅಂದಿದ್ದೆ. ದೀವಳಿಗಿ ಹೋತು, ಗೌರಿ ಹುಣ್ಣಿಮಿ ಹೋತು. ಸಿಟ್ಟಾಗಬ್ಯಾಡ. ಎಮ್ಮಿ ಈತು, ಹೆಣ್ಣ ಕರ. ಮೊಮ್ಮಗನ ಸಾಲಿ ದೌತಿ ಒಣಗಿತ್ತು. ಸಾಲ್ಯಾಗ ಮೂರನೇತ್ತಾ ತನಕ ಕಲತ ಕೈಗೆ ಕಾಗದ ಬರಿಯೂದಂದ್ರ ಒಂದ ಚೀಲ ಜ್ವಾಳ ಬೀಸಿಧಂಗ. ಬೀಸೂಕಲ್ಲಿಗೆ ಕೂತ್ರ ಹಾಡರ ಬರ್ತೈತಿ, ಇದಕ್ಕ ಅದೂ ಇಲ್ಲ.

ಈಗ ಸುದ್ದಿ ಕೇಳು. ಹೋದ ವಾರ ಮಿರಜದ ದೊಡ್ಡ ದವಾಖಾನಿಯಿಂದ ಒಬ್ಬಾಕಿ ಡಾಕ್ಟರಬಾಯಿ ಬಂದಿದ್ಳು. ನಮ್ಮ ಓಣಿ ಸಾಲ್ಯಾಗ ಎಲ್ಲಾರನೂ ಕೂಡಿಸಿ, ಕ್ಯಾನ್ಸರ ಅನ್ನೂ ರೋಗ ಯಾರಿಗೆ ಬರ್ತೈತಿ, ಮೈಯಾಗ ಎಲ್ಲಿ ಬರ್ತೈತಿ, ಯಾವುದು ಹೆಚ್ಚು ಯಾವುದು ಕಡಿಮಿ ಅಂತ ಹೇಳಾಕ. ವಯಸ್ಸ ಸಣ್ಣದು, ಧ್ವನಿ ಮಾತ್ರ ಬಸ್ಸಿನ ಕಂಡಕ್ಟರಂದು. ಗಂಡಸರು ಮುಂದ ಕೂತ್ರು, ನಾವು ಹಿಂದ. ರೋಗದ ಹೆಸರ ಕೇಳಾಕೂ ಅವರಿಗೆ ಮುಂದಿನ ಸಾಲ ಬೇಕು.

ಇಲ್ಲಿ ತಂಬಾಕ ತಿನ್ನಾವ್ರು ಯಾರ್ಯಾರು ಅಂತ ಮೊದಲ ಕೇಳಿದ್ಳು. ಒಬ್ಬರೂ ಪಿಟ್ಟ ಅನಲಿಲ್ಲ. ಅನ್ನಾಕ ಹೆಂಗ ಬರಬೇಕು, ಎಲ್ಲಾರ ಬಾಯಿ ತುಂಬಿದ್ವು. ನನ್ನ ಮೈದುನ ಧೂಳಪ್ಪ ಬರೇ ಕೈ ಅಲ್ಲಾಡಿಸಿ ಇಲ್ಲ ಅಂದ. ಕೈ ಅಲ್ಲಾಡಿಸೂ ಭರಕ್ಕ ತುಟಿಯಿಂದ ಕೆಂಪ ರಸ ಇಳದು ಬಿಳೀ ಅಂಗಿ ಮ್ಯಾಲ ಬಿತ್ತು. ಡಾಕ್ಟರಬಾಯಿ ಅಂಗಿ ನೋಡಿದ್ಳು, ಧೂಳಪ್ಪ ಮಾಳಗಿ ನೋಡಿದ.

ಆಮ್ಯಾಲ ನಮ್ಮ ಕಡೆ ತಿರುಗಿ, ನೀವ್ರಿ ಅಂದ್ಳು. ನಾವೆಲ್ಲಾ ಒಮ್ಮೆಲೆ ಛೀ ಛೀ ಅಂದ್ವಿ. ಅನ್ನಾಕ ಬಾಯಿ ತೆಗದ್ವೆಲ್ಲ, ಒಬ್ಬರಕಿಂತ ಒಬ್ಬರ ಹಲ್ಲ ಕರ್ರಗ. ಮತ್ತ ಇದೇನು ಅಂತ ಕೇಳಿದ್ಳು. ನನ್ನ ಬಾಜೂಕ ನಮ್ಮ ಹಿತ್ತಲ ಮನಿ ಚಂದವ್ವ ಕೂತಿದ್ಳು, ಮನಿ ತುಂಬ ಮಕ್ಕಳನ್ನ ಹಡದಾಕಿ. ಅದು ಮಶೇರಿರಿ, ಹಲ್ಲ ತಿಕ್ಕೂದು ಅಂದ್ಳು. ಹೆಂಗ ಮಾಡ್ತೀರಿ ಅಂದ್ರ, ಹಂಚಿನ ಮ್ಯಾಲ ತಂಬಾಕ ಕರ್ರಗ ಹುರದು ಪುಡಿ ಕುಟ್ಟೂದ್ರಿ ಅಂದ್ಳು.

"ಹಂಗಾದ್ರ ಅದು ತಂಬಾಕ ಆತಲ್ಲವ್ವ."

"ಎಲ್ಲೀ ತಂಬಾಕ್ರಿ? ಹುರದೀವಲ್ಲ."

ಡಾಕ್ಟರಬಾಯಿ ಕುರ್ಚಿ ಎಳಕೊಂಡ ಕೂತ್ಳು. ದಿನಾ ಯಾವಾಗ ತಿಕ್ಕತೀರಿ ಅಂತ ಕೇಳಿದ್ಳು. ಮುಂಜಾನಿ ಎದ್ದ ಕೂಡಲೆ ಅಂತ ಸುರು ಮಾಡಿದ ಚಂದವ್ವ, ಉಂಡಮ್ಯಾಲ, ರೊಟ್ಟಿ ಬಡಿಯಾಗ, ನಾದ್ನಿ ಜೋಡಿ ಜಗಳಾಡೂದಕ್ಕ ಮೊದಲ, ಜಗಳ ಮುಗದಮ್ಯಾಲ, ಅಂತ ಹೇಳಕೋತನ ಹೋದ್ಳು. ತಿಕ್ಕಿ ಉಗುಳತೀರೋ ಇಲ್ಲೋ ಅಂದ್ರ, ಉಗುಳೂದ್ಯಾಕ್ರಿ, ಹಂಗ ಗಲ್ಲದಾಗ ಒತ್ತಿ ಇಟಗೋತೀವಿ ಅಂದ್ಳು. ಮಕ್ಕಳನ್ನ ಮಗ್ಗಲದಾಗ ಮಲಗಿಸ್ಕೊಂಡಷ್ಟ ಅಕ್ಕರತಿಯಿಂದ ಅಂದ್ಳು.

ಆಕಿ ಹೇಳಿದ್ರಾಗ ನನ್ನ ತಲ್ಯಾಗ ನಿಂತಷ್ಟ ಬರಿತೇನಿ. ಈ ರೋಗ ಎಲ್ಲಾ ಸೀಮಿಯಾಗೂ ಐತಂತ, ಆದ್ರ ಒಳಗ ಬರೂ ಬಾಗಲ ಬ್ಯಾರೆ ಬ್ಯಾರೆ. ವಿಲಾಯತಿಯಾಗ ಸಿಗರೇಟ ಸೇದೂ ಗಂಡಸರಿಗೆ ಎದಿಯೊಳಗಿನ ಫುಪ್ಪುಸಕ್ಕ ಭಾಳ. ನಮ್ಮ ಕಡೆ ಗಂಡಸರಿಗೆ ಬಾಯಿ, ಗಂಟಲ. ಹೆಂಗಸರಿಗೆ ಎಲ್ಲಾಕಿಂತ ಹೆಚ್ಚು ಗರ್ಭದ ಬಾಯಿಗೆ, ಅದರ ಹಿಂದ ಎದಿಗೆ. ಮಶೇರಿಯವ್ರಿಗೆ ಗಂಡಸರಂಗ ಬಾಯಿಗೂ. ಸಣ್ಣ ಹುಡುಗರಿಗೆ ಅಪರೂಪ, ವಯಸ್ಸಾದಂಗ ಹೆಚ್ಚಂತ. ಧೂಳಪ್ಪ ಅಷ್ಟೂ ಕೇಳಿ, ಬಾಯಾಗಿಂದು ಹೊರಗ ಉಗುಳಿ ಬಂದು, ಹಂಗಾದ್ರ ತಂಬಾಕ ಒಯ್ದು ವಿಲಾಯತಿಯಾಗ ಕೂತ ತಿಂದ್ರ ಬರೂದಿಲ್ಲೇನ್ರಿ ಅಂತ ಕೇಳಿದ. ಡಾಕ್ಟರಬಾಯಿ ನೀರ ಕುಡದ್ಳು.

ಗರ್ಭದ ಮಾತ ಬಂದಾಗ ನಾವೆಲ್ಲಾ ಸೆರಗ ಮುಖದ ಮ್ಯಾಲ ಎಳಕೊಂಡ್ವಿ. ಸಣ್ಣ ವಯಸ್ಸಿನಾಗ ಲಗ್ನ ಆದಾಕಿಗೆ, ಒಂದರ ಹಿಂದ ಒಂದ ಹಡದಾಕಿಗೆ ಅದು ಹೆಚ್ಚ ಬರ್ತೈತಿ ಅಂತ ಆಕಿ ಹೇಳಿದ್ಕೂಡ್ಲೆ ಚಂದವ್ವ ಸೆರಗ ತೆಗದು ಎದ್ದ ನಿಂತ್ಳು. "ಇದನ್ನ ನನ್ನ ಮುಂದ ಯಾಕ ಹೇಳ್ತೀರಿ? ಮುಂದಿನ ಸಾಲಿನಾಗ ಮೂರನೇದವ್ರ ಅದಾರ ನೋಡ್ರಿ, ಅವ್ರಿಗೆ ಹೇಳ್ರಿ." ಮೂರನೇದಾಂವ ಅಕಿ ಗಂಡ. ಅಂವ ಚಪ್ಪಲ ಬಿಟ್ಟ ಹೋಗ್ಯಾನ, ಇನ್ನೂ ಸಾಲ್ಯಾಗನ ಅದಾವು.

ಹೊರಗ ಬಂದ ಮ್ಯಾಲ ಎಲ್ಲಾರೂ ಡಾಕ್ಟರ ಆದ್ರು. ಧೂಳಪ್ಪ ಅದು ಮಾಂಸ ತಿನ್ನಾವ್ರಿಗೆ ಬರೂದು ಅಂದ. ಚಾದಂಗಡಿ ಮೋದಿನಸಾಬ ಸೆರೆ ಕುಡ್ಯಾವ್ರಿಗೆ ಅಂದ. ಕುಡದ ಬಂದಿದ್ದ ಅಮಸಿದ್ದ, ಕುಡೀಲಾರದವ್ರಿಗೆ ಬರೂದು, ಕುಡದ್ರ ಒಳಗಿಂದೆಲ್ಲಾ ತೊಳದ ಹೋಗ್ತೈತಿ ಅಂದ. ನೀನೂ ನಿಕಾದಾಗ ಅದು ಗಂಡಸರ ರೋಗ ಅಂದಿದ್ಯಲ್ಲ. ಒಟ್ಟ, ಎಲ್ಲಾರ ಲೆಕ್ಕದಾಗೂ ಅದು ಬಾಜೂ ಮನಿಗೆ ಬರೂದು.

ಸಂಜಿಗೆ ಆಕಿ ಬ್ಯಾಟರಿ ಹಿಡಕೊಂಡು ಒಬ್ಬೊಬ್ಬರ ಬಾಯಿ ನೋಡಿದ್ಳು. ಎಲ್ಲಾರಿಗೂ ಕೇಳೂದು ಒಂದ ಮಾತು: ಯಾವ ಗಲ್ಲದಾಗ ಇಟಗೋತೀರಿ? ಆ ಗಲ್ಲಕ್ಕ ಬ್ಯಾಟರಿ. ಧೂಳಪ್ಪಗ ಏನೂ ಸಿಗಲಿಲ್ಲ, ಹಿಂದಿನ ಜಲ್ಮದ ಪುಣ್ಯ. ಈ ಜಲ್ಮದ್ದು ನನಗ ಗೊತ್ತೈತಿ. ಸಿಕ್ಕದ್ದು ಹುಚ್ಚವ್ವಗ. ಹಾಲ ಮಾರಿ ಬದುಕೂ ಗರೀಬ ಜೀವ, ಮಾಂಸ ಮುಟ್ಟಿಲ್ಲ, ಸೆರೆ ಮೂಸಿಲ್ಲ, ಗಂಡಸಂತೂ ಅಲ್ಲ. ಮಶೇರಿ ಇಟಗೋತಿದ್ದ ಗಲ್ಲದಾಗ ಮಾಯಲಾರದ ಹುಣ್ಣು. ಮರದಿನನ ಮಿರಜಿಗೆ ಕರಕೊಂಡ ಹೋದ್ರು. ಸಣ್ಣದಿದ್ದಾಗ ತೋರಿಸಿದಿ, ಗುಣ ಆಗ್ತೈತಿ ಅಂದಾರಂತ. ಅವತ್ತಿನಿಂದ ಚಾದಂಗಡಿಯಾಗ ಯಾರೂ ಲೆಕ್ಕ ಹೇಳವಲ್ಲರು.

ಈಗ ನನ್ನ ಸುದ್ದಿ, ನಗಬ್ಯಾಡ. ನನ್ನ ಸರತಿ ಬಂದಾಗ, ಎಮ್ಮಿ ಹಿಂಡಬೇಕ್ರಿ ಅಂತ ನಾ ಓಡಿ ಬಂದೆ. ಯಾಕಂದ್ರ ನನ್ನ ಗಲ್ಲದ ಒಳಗ ಒಂದ ಬಿಳೀ ಕಲಿ ಐತಿ. ಹುಣಸಿಬೀಜದಷ್ಟು, ನಡುವ ಕೆಂಪಗ. ಖಾರ ತಿಂದ್ರ ಉರಿತೈತಿ. ಯಾರ ಮುಂದೂ ಹೇಳಿಲ್ಲ. ಡಾಕ್ಟರಬಾಯಿ ಎಳ್ಳಮಾಸಿ ಆದಮ್ಯಾಲಿನ ಗುರುವಾರ ಮತ್ತ ಬರ್ತಾಳ. ತೋರಿಸಬೇಕಂತ ಮನಸಿಗೆ ಅನ್ನಿಸ್ತೈತಿ, ಕಾಲ ಏಳವಲ್ಲವು.

ನಿನಗ ನೆನಪೈತೇನು, ದೇವಣಗಾಂವಕ್ಕ ಸಿಡುಬ ಬರಬಾರದಂತ ತೋಳಿಗೆ ಚುಚ್ಚಿ ದೇವಿ ಹಾಕಾಂವ ಬಂದಿದ್ದ. ನಾ ಜ್ವಾಳದ ಹಗೇವಿನಾಗ ಇಳದ ಕೂತಿದ್ದೆ. ನಮ್ಮಪ್ಪ ಕರದ್ರ ಬರಲಿಲ್ಲ, ಬೈದ್ರ ಬರಲಿಲ್ಲ. ನೀ ಬಂದು ಹಗೇವಿನ ಬಾಯಿಗೆ ನಿಂತು, ಏ ಕಸ್ತೂರಿ, ಮೊದಲ ನಾ ಹಾಕಿಸ್ಕೋತೇನಿ, ನಾ ಸತ್ರ ನೀ ಬರಬ್ಯಾಡ ಅಂದಿ. ತೋಳ ಚಾಚಿ ನಿಂತಿ. ಚುಚ್ಚಿದಾಗ ನೀ ಅತ್ತಿ, ಆದ್ರ ಸಾಯಲಿಲ್ಲ. ಆಮ್ಯಾಲ ನಾ ಬಂದೆ.

ಈಗೂ ಹಂಗ ಮಾಡು. ಅವತ್ತ ಬಂದು ನೀ ಮೊದಲ ಬಾಯಿ ತೆಗಿ. ಡಾಕ್ಟರಬಾಯಿ ನಿನ್ನ ಬಾಯಾಗ ಬ್ಯಾಟರಿ ಬಿಡೂದ ನೋಡಿದ ಮ್ಯಾಲ ನಾ ತೆಗಿತೇನಿ. ನಿನಗೇನು, ಬಾಯಿ ತೆಗಿಯೂದು ಜಲ್ಮದ ರೂಢಿ. ನಮ್ಮ ಮನಿಯವ್ರು ಹೋದಾಗ ಬಸ್ಸಿಲ್ಲ ಅಂತ ಶೇಂಗಾದ ಲಾರಿ ಚೀಲದ ಮ್ಯಾಲ ಕೂತ ಬಂದಾಕಿ ನೀ. ಅಳೂದ ಬಿಟ್ಟ ನಾ ನಿನ್ನ ತಲ್ಯಾಗಿನ ಹೊಟ್ಟ ಆರಿಸಬೇಕಾತು. ಈ ಸಲ ಬಸ್ಸಿಗೆ ಬಾ.

ಅಬಿದಾ, ಓದಿ ಓದಿ ನಿನ್ನ ಗಂಟಲ ಒಣಗೈತಿ. ಶಮ್ಶೂ, ನೀ ಎದ್ದ ಹೋಗಿ ಸ್ವಸಿಗೆ ಚಾ ಮಾಡು. ಹಿಂದಿನ ಮಗ್ಗಲಕ್ಕ ಮೆಣಸಿನಕಾಯಿ ಉಪ್ಪಿನಕಾಯಿ ಹಾಕೂದು ಬರದೀನಿ. ಅದು ಅಬಿದಾಗ, ನಿನಗ ಓದಿ ಹೇಳೂ ಗರಜಿಲ್ಲ. ನೀ ಹಾಕಿದ ಉಪ್ಪಿನಕಾಯಿಗೆ ಬೂಸಲ ಸೈತ ಹತ್ತೂದಿಲ್ಲ.

ಸಗೀರಾಗ, ಅಕಿ ಗಂಡಗ, ಹೊಸಲಿ ಒಳಗಿದ್ದ ಎಲ್ಲಾರಿಗೂ ನನ್ನ ಹೆಸರಿಲೆ ಒಳ್ಳೇದಾಗಲಿ. ನಿನಗ ಆಶೀರ್ವಾದ ಮಾಡಾಕ ನಾ ನಿನಕಿಂತ ಹಿರೇಕೇನಲ್ಲ. ಆದ್ರೂ ಮಾಡೀನಿ.

ನಿನ್ನಾಕಿ
ಕಸ್ತೂರೆವ್ವ

ತಾ.ಕ. — ಅಬಿದಾ, ಅತ್ತಿ ಒಲಿ ಮುಂದ ಕೂತಾಳೇನು ನೋಡು. ಇದನ್ನ ಮನಸಿನ್ಯಾಗ ಓದು. ಇದು ಉಪ್ಪಿನಕಾಯಿ ಅಲ್ಲ.

ನಾ ಬಾಯಿ ತೋರಿಸೀನಿ. ಏನೂ ಇಲ್ಲ, ಮಶೇರಿ ಬಿಡು ಅಂತ ಬೈಸ್ಕೊಂಡ ಬಂದೀನಿ. ನಂದಂತ ಮ್ಯಾಲ ಬರದ ಬಿಳೀ ಕಲಿ ನಿಮ್ಮತ್ತಿದು. ನಿಕಾದಾಗ ಅಕಿ ಖಾರದ ಸಾರ ಬಾಜೂಕ ಸರಿಸಿದ್ಳು, ಹಲ್ಲ ನೋವು ಅಂದ್ಳು. ಆಮ್ಯಾಲ ಬಾಯಿ ಅಗಲ ಮಾಡಿ ನಕ್ಕಾಗ, ಮಶೇರಿ ಇಟಗೊಳ್ಳೂ ಗಲ್ಲದಾಗ ನನಗ ಕಾಣಿಸ್ತು. ತೋರಿಸವ್ವ ಅಂದ್ರ, ನಾನೇನ ಗಂಡಸೇನು ಅಂತ ನನ್ನ ಗಲ್ಲಾ ಹಿಂಡಿದ್ಳು. ಡಾಕ್ಟರಬಾಯಿ ಮುಂದ ಎಲ್ಲಾ ಹೇಳೀನಿ. ಅಂಜಿಸಬ್ಯಾಡ, ಆದ್ರ ಲಗು ಕರಕೊಂಡ ಬಾ ಅಂದಾಳ. ಗುರುವಾರ ಇಬ್ಬರೂ ಸಾಲ್ಯಾಗ ಕೂತಾಗ ಅಕಿ ಬಾಯಿನ ಮೊದಲ ನೋಡ್ತಾಳ. ಅಕಿ ತನ್ನ ಸಲುವಾಗಿ ಹೊಸಲಿ ದಾಟಾಕಿ ಅಲ್ಲ, ನನ್ನ ಸಲುವಾಗಿ ಬರ್ತಾಳ. ಅವತ್ತ ಅಕಿನ್ನ ಒಬ್ಬಾಕಿನ್ನ ಬಸ್ಸಿಗೆ ಹತ್ತಿಸಬ್ಯಾಡ, ನೀನೂ ಬಾ. ಮಿರಜಿಗೆ ಹೋಗೂದಾದ್ರ ನಾನೂ ಬರ್ತೇನಿ.

ಚಾ ತಗೊಂಡ ಬಂದ್ಳೇನು? ಕಣ್ಣ ಒರಸ್ಕೋ. ಯಾಕ ನೀರು ಅಂತ ಕೇಳಿದ್ರ, ಕಸ್ತೂರೆವ್ವ ಮೆಣಸಿನಕಾಯಿ ಭಾಳ ಹಾಕ್ಯಾಳ ಅನ್ನು. ನನ್ನ ಕೈ ಅಕಿಗೆ ಗೊತ್ತೈತಿ, ನಂಬತಾಳ.