ಅಕ್ಕನ ಹಸಿವು

ನನ್ನ ಜಯಕ್ಕನಿಗೆ,

ಕೆರಗೋಡಿನ ಬೀಗರೂಟ ನೆನಪಿದೆಯಾ? ಎರಡನೇ ಸಲ ಮುದ್ದೆ ಬಂದಾಗ ನೀನು ಕೈ ಚಾಚಿದೆ. ಪಂಕ್ತಿಯವರೆಲ್ಲ ಕೇಳುವಂತೆ ನಾನು, "ಸುಗರ್ ಇಟ್ಕಂಡು ಇಂಗ್ ತಿಂತೀಯಲ್ಲ, ನಾಚ್ಕೆ ಆಗಕಿಲ್ವಾ?" ಎಂದೆ. ಯಾರೋ ನಕ್ಕರು. ನೀನು ಎಲೆ ಮಡಚಿ ಎದ್ದುಬಿಟ್ಟೆ. ಭಾವ ಹೋದ ಮೇಲೆ ನಮ್ಮ ಮನೆಯಲ್ಲೇ ಇದ್ದವಳು ನೀನು. ಅನ್ನ ಹಾಕುವವಳು ನಾನು ಎಂಬ ಅಹಂಕಾರ ನನಗಿತ್ತೇನೋ...

ಇನ್ಸುಲಿನ್ ಶುರುವಾದ ಮೇಲಲ್ಲವೇ ನಿನ್ನ ಹಸಿವು ಹೆಚ್ಚಿದ್ದು? ಉಂಡ ಎರಡು ಗಂಟೆಗೇ ಬೆವರುತ್ತ ಅಡುಗೆಮನೆಗೆ ಬರುತ್ತಿದ್ದೆ. "ಒಟ್ಟೆ ಕಿತ್ಕಂಡ್ ಬತ್ತದೆ ಕಣೇ, ಕೈಯೆಲ್ಲ ನಡುಗ್ತದೆ" ಅನ್ನುತ್ತಿದ್ದೆ. ನಾನು ಸಕ್ಕರೆ, ಬೆಲ್ಲ, ಬಿಸ್ಕತ್ತು ಎಲ್ಲವನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಮಂಡ್ಯದಲ್ಲಿ ಡಾಕ್ಟರು ಹೇಗಿದ್ದೀರಿ ಎಂದು ಕೇಳಿದ್ದು ನಿನ್ನನ್ನು. ನೀನು ಬಾಯಿ ತೆರೆಯುವ ಮೊದಲೇ ನಾನು, "ಬಾಯಿ ಕಟ್ಟಕಿಲ್ಲ ಸಾರ್, ಕದ್ದು ಕದ್ದು ತಿಂತಾಳೆ" ಎಂದೆ. ಅವರು ರಕ್ತ ಪರೀಕ್ಷೆಯ ಚೀಟಿ ನೋಡಿ ಇನ್ಸುಲಿನ್ ಹೆಚ್ಚಿಸಿದರು. ಅಂದು ನಿನ್ನನ್ನು ಮಾತಾಡಲು ಬಿಟ್ಟಿದ್ದರೆ...

ಆಮೇಲೆ ನೀನು ನಿಜಕ್ಕೂ ಬಾಯಿ ಕಟ್ಟಿದೆ. ಸೂಜಿ ಚುಚ್ಚಿಕೊಂಡು ಅರ್ಧ ಮುದ್ದೆಗೇ ಏಳುತ್ತಿದ್ದೆ. ನಾನು ಗೆದ್ದೆ ಅಂದುಕೊಂಡೆ. ಆ ಗುರುವಾರ ಮದ್ದೂರಿನ ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದರೆ ನೀನು ಅಡುಗೆಮನೆಯಲ್ಲಿ ಬಿದ್ದಿದ್ದೆ. ಮೈ ತಣ್ಣಗಿತ್ತು, ಸೀರೆಯೆಲ್ಲ ಬೆವರು. ಕಪಾಟಿನ ಹಿಡಿ ಕಿತ್ತುಬಂದು ನಿನ್ನ ಪಕ್ಕದಲ್ಲಿ ಬಿದ್ದಿತ್ತು. ಬೀಗ ಹಾಗೇ ಇತ್ತು.

ಆಸ್ಪತ್ರೆಯಲ್ಲಿ ಮೂರು ದಿನ ನೀನು ಕಣ್ಣು ಬಿಡಲಿಲ್ಲ. ಅಲ್ಲಿನ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು, "ಶುಗರ್ ಕುಸಿದಾಗ ಹಸಿವಾಗೋದು ಚಪಲಕ್ಕಲ್ಲಮ್ಮ, ಜೀವ ಉಳಿಸ್ಕೊಳ್ಳೋಕೆ" ಅಂದರು. ಹೊಟ್ಟೆಯಲ್ಲಿ ಹುಟ್ಟುವ ಗ್ರೆಲಿನ್ ಎಂಬ ಹಾರ್ಮೋನು 'ತಿನ್ನು' ಎನ್ನುತ್ತದಂತೆ. ಕೊಬ್ಬಿನಿಂದ ಬರುವ ಲೆಪ್ಟಿನ್ 'ಸಾಕು' ಎನ್ನುತ್ತದಂತೆ. ಸಕ್ಕರೆ, ಇನ್ಸುಲಿನ್ ಏರುಪೇರಾದರೆ ಇವುಗಳ ಹದವೂ ತಪ್ಪಿ, 'ಸಾಕು' ಎಂಬುದು ಮೆದುಳಿಗೆ ಸರಿಯಾಗಿ ಮುಟ್ಟುವುದೇ ಇಲ್ಲವಂತೆ. "ನಡುಕ, ಬೆವರು ಅಂತ ಆ ಡಾಕ್ಟರಿಗೆ ಒಂದು ಮಾತು ಹೇಳಿದ್ದರೆ ಇನ್ಸುಲಿನ್ ಕಡಿಮೆ ಮಾಡ್ತಿದ್ರು" ಅಂದರು. ನೀನು ಹೇಳಿದ್ದೆಯಲ್ಲ ಅಕ್ಕ, ನನಗೆ.

ನೀನು ಕಣ್ಣು ಬಿಡದೆಯೇ ಹೋಗಿಬಿಟ್ಟೆ. ತಿಥಿಗೆ ಬಂದವರು "ಬಾಯಿ ಚಪಲಕ್ಕೇ ಓದ್ಳು" ಅಂದಾಗ ನಾನು ಸುಮ್ಮನಿದ್ದೆ. ನಿನ್ನ ಮಗಳು ಪವಿತ್ರಳೂ ಅದನ್ನೇ ನಂಬಿದ್ದಳು. ಮೊನ್ನೆ ಮಳವಳ್ಳಿಗೆ, ಅವಳ ಗಂಡನ ಮನೆಗೆ ಹೋಗಿ ಎಲ್ಲ ಹೇಳಿದೆ. ಕಪಾಟಿನ ವಿಷಯವನ್ನೂ ಬಿಡಲಿಲ್ಲ.

ಅವಳು ಅಳಲಿಲ್ಲ. "ಇಷ್ಟು ದಿನ ನಮ್ಮವ್ವನ್ನೇ ಬಯ್ಕತಿದ್ನಲ್ಲ ಚಿಕ್ಕವ್ವ" ಅಂದಳು. ಆಮೇಲೆ, ನನ್ನ ಮುಖ ನೋಡದೆ, "ನೀನಿನ್ನು ಈ ಮನೆಗ್ ಬರ್ಬ್ಯಾಡ" ಅಂದಳು. ನಾನು ಎದ್ದು ಬಂದೆ.

ಅವಳು ಇನ್ನು ನಿನ್ನನ್ನು ಬಯ್ಯುವುದಿಲ್ಲ ಅಕ್ಕ.

ನಿನ್ನ ತಂಗಿ,
ಲಲಿತ