ಗಾಜಿನ ಮಹಡಿಯಲ್ಲಿ ಕಂಡದ್ದು

ಭಾನುವಾರ, ಮಾರ್ಚ್ ೧೬

ನನ್ನ ಮುದ್ದಿನ ಅಕ್ಕನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆದು, ಹೊಡೆದುಹಾಕಿ, ಮತ್ತೆ ಅದನ್ನೇ ಬರೆದಿದ್ದೇನೆ. ನಿನ್ನ ಕಾಗದಗಳಿಗೆ ಉತ್ತರ ಹಾಕಲಿಲ್ಲವೆಂದು ಮುನಿಸಿಕೊಳ್ಳಬೇಡ. ಬರೆಯಲು ಕೂತರೆ ಎದ್ದು ಕಿಟಕಿಗೆ ಹೋಗುತ್ತೇನೆ, ಕಿಟಕಿಯಿಂದ ಒಲೆಯ ಹತ್ತಿರ. ಒಂದು ಕಡೆ ಕಾಲು ನಿಲ್ಲುತ್ತಿಲ್ಲ.

ಹೋದ ತಿಂಗಳು ಇವರ ರಜೆಯ ದಿನ ಪೇಟೆಯ ಆ ಗಗನಚುಂಬಿ ಕಟ್ಟಡಕ್ಕೆ ಹೋಗಿದ್ದೆವು. ತುದಿಯ ಮಹಡಿಯಿಂದ ಊರು ನೋಡಲು ಟಿಕೆಟ್ಟಿಲ್ಲ, ಪುಕ್ಕಟೆ. "ನಾನು ದಿನಾ ಬಸ್ ಓಡಿಸೋ ದಾರಿನೆಲ್ಲ ಮೇಲಿಂದ ತೋರಿಸ್ತೀನಿ ಬಾ" ಎಂದು ಮದುಮಗನ ಹಾಗೆ ತಲೆ ಬಾಚಿಕೊಂಡು ಹೊರಟರು. ಲಿಫ್ಟಿನಲ್ಲಿ ಕಿವಿ ಗಂಯ್‌ ಎಂದು ಮುಚ್ಚಿಕೊಂಡಿತು. ಹೆದರಿ ತೋಳು ಹಿಡಿದೆ, ನಕ್ಕರು.

ಮೇಲೆ ಸುತ್ತಲೂ ಗಾಜು. ಒಂದು ಕಡೆ ಮಾತ್ರ ಒಡೆದ ಗಾಜಿನ ಜಾಗಕ್ಕೆ ಹಲಗೆ ಹೊಡೆದು, ಅದರ ಮೇಲೆ ಊರಿನ ದೊಡ್ಡ ಫೋಟೋ ಅಂಟಿಸಿದ್ದರು. ಇವರು ನೇರ ಅದರ ಮುಂದೆ ಹೋಗಿ ನಿಂತು, "ನೋಡು, ಸೇತುವೆ ಮೇಲೆ ನಮ್ಮ ಬಸ್ಸೇ ಬರ್ತಾ ಇದೆ!" ಎಂದರು. ತಮಾಷೆ ಎಂದುಕೊಂಡು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

"ಯಾಕೆ ನಗ್ತೀಯ? ಈಗ ತಿರುಗ್ತು ನೋಡು."

ಇವರು ತಮಾಷೆ ಮಾಡುತ್ತಿರಲಿಲ್ಲ, ಅಕ್ಕಾ. "ರೀ, ಅದು ಫೋಟೋ" ಎಂದೆ ಮೆಲ್ಲಗೆ. ಇವರು ಕೈಚಾಚಿ ಮುಟ್ಟಿ ನೋಡಿದರು. ಕಾಗದ ಬೆರಳಿಗೆ ಸಿಕ್ಕಿತು.

ಅಲ್ಲೇ ಬೆಂಚಿನ ಮೇಲೆ ಕೂರಿಸಿದೆ. ಬಹಳ ದಿನದಿಂದ ಕಣ್ಣು ಮಂಜಾಗುತ್ತಿದೆಯಂತೆ. ಇದು ಇನ್ನು ಸರಿಹೋಗುವುದಿಲ್ಲ ಎಂದು ಡಾಕ್ಟರು ಹೇಳಿಯೂ ಆಗಿದೆಯಂತೆ. "ದಾರಿ ನನ್ನ ಕೈಗೇ ಗೊತ್ತು ಕಣೇ. ಯಾರ ಹತ್ರನಾದ್ರೂ ಹೇಳಿದ್ಯೋ, ನನ್ನಾಣೆ."

ಆಮೇಲೆ ಇವರು ಕೆಲಸಕ್ಕೆ ಹೊರಟರೆ ನಾನು ಜೀವ ಕೈಯಲ್ಲಿ ಹಿಡಿದು ಕೂರುತ್ತಿದ್ದೆ. ಆಂಬುಲೆನ್ಸ್ ಸದ್ದಾದರೆ ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡುತ್ತಿದ್ದೆ. ಆ ಬಸ್ಸಿಗೆ ಶಾಲೆ ಮಕ್ಕಳು ಹತ್ತುತ್ತಾರೆ, ಅಕ್ಕಾ.

ಹೋದ ವಾರ ಯಾರೋ ಡಿಪೋದಲ್ಲಿ ವಿಷಯ ಮುಟ್ಟಿಸಿದರು. ಕಣ್ಣು ಪರೀಕ್ಷೆ ಮಾಡಿಸಿ, ಇನ್ನು ಬಸ್ ಓಡಿಸಬಾರದು ಎಂದುಬಿಟ್ಟರು. ಇದೆಲ್ಲ ಜೊತೆಗಾರ ಕಂಡಕ್ಟರನದೇ ಕೆಲಸ ಎಂದು ಇವರದು ಒಂದೇ ಹಟ. ಪಾಪ, ಆತ ಮನೆಗೆ ಬಂದು "ನಾನಲ್ಲ ಕಣೋ, ನಂಗೆ ಗೊತ್ತೇ ಇರ್ಲಿಲ್ಲ" ಎಂದು ಗೋಗರೆದರೂ ಮುಖದ ಮೇಲೆ ಬಾಗಿಲು ಹಾಕಿದರು. ಈಗ ಹಗಲೆಲ್ಲ ನಡುಮನೆಯಲ್ಲಿ ಅಡ್ಡಾಡುತ್ತಾರೆ, ಕುರ್ಚಿಗೆ ಎಡವುತ್ತಾರೆ, ಕುರ್ಚಿಯನ್ನೇ ಬೈಯುತ್ತಾರೆ.

ಭಾವನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಮಕ್ಕಳು ನೂರು ಕಾಲ ಬಾಳಲಿ, ನಿನ್ನ ಮನೆ ತಣ್ಣಗಿರಲಿ.

ನಿನ್ನ ತಂಗಿ,
ಪುಟ್ಟಿ

ವಿ.ಸೂ.: ಮೇಲೆ 'ಯಾರೋ' ಎಂದು ಬರೆದೆನಲ್ಲ, ಅದು ನಾನೇ. ಡಿಪೋಗೆ ನಾನೇ ಹೋಗಿ ಹೇಳಿಬಂದೆ. ನಿನ್ನೆ ಬಡಿಸುತ್ತಿದ್ದಾಗ ಇವರು ನನ್ನ ಕೈ ಹಿಡಿದು, "ನಂಬೋಕೆ ಅಂತ ನಂಗೆ ಉಳಿದಿರೋದು ನೀನೊಬ್ಬಳೇ ಕಣೇ" ಎಂದರು. "ಹೂಂ, ಊಟ ಮಾಡಿ" ಎಂದೆ.